ಕೃಷ್ಣೋರನ್ನ ಕಳಿಸಿಕೊಟ್ಟ ಮೂರು ದಿನ

2024ರ ಡಿಸೆಂಬರ್ 10, ಮಂಗಳವಾರ. ಇನ್ನೂ ಸರಿಯಾಗಿ ಬೆಳಕು ಹರಿದಿರ್ಲಿಲ್ಲ, ಅವ್ವ ಬಂದು ಬಾಗ್ಲು ತಟ್ಟಿ "ಮಗಾ ಎದ್ದೇಳ್ಲಾ, ಕೃಷ್ಣೋರು ಹೋಗ್ಬುಟ್ರಂತೆ" ಅಂದ್ಲು. ನಾನು ಎದ್ದು ನಡುಮನೆಗೆ ಬರೋಷ್ಟ್ರಲ್ಲಿ ಟಿವಿ ಸೌಂಡು ಪೂರ್ತಿ ಇಳಿಸ್ಕೊಂಡು ಬರೀ ಚಿತ್ರ ನೋಡ್ತಾ ಕೂತಿದ್ಲು. ಕೆಳಗೆ ಓಡೋ ಅಕ್ಷರ ಅವಳಿಗೆ ಓದೋಕೆ ಬರಲ್ಲ, ನಾನೇ ಓದಿ ಹೇಳ್ದೆ. ಸದಾಶಿವನಗರದ ಮನೇಲೇ ರಾತ್ರಿ ಎರಡೂವರೆ ಆದ್ಮೇಲೆ ಜೀವ ಹೋಗಿದೆ, 92 ವರ್ಷ ಅಂತ. ಅವ್ವ ಸೆರಗಲ್ಲಿ ಬಾಯಿ ಮುಚ್ಕೊಂಡು ಸುಮಾರು ಹೊತ್ತು ಹಂಗೇ ಕೂತಿದ್ಲು. ಅಪ್ಪ ಬಾಗ್ಲಲ್ಲಿ ನಿಂತು ಒಂದ್ ನಿಮಿಷ ಟಿವಿ ನೋಡಿದ್ರು, ಏನೂ ಅನ್ಲಿಲ್ಲ, ಹಾಲಿನ ತಂಬಿಗೆ ತಗೊಂಡು ಕೊಟ್ಟಿಗೆ ಕಡೆ ಹೋದ್ರು.

ನಮ್ದು ಮದ್ದೂರು ತಾಲ್ಲೂಕು. ಎಸ್.ಎಂ. ಕೃಷ್ಣ ಅಂದ್ರೆ ಹೊರಗಿನವರಿಗೆ ಮುಖ್ಯಮಂತ್ರಿ, ರಾಜ್ಯಪಾಲ, ವಿದೇಶಾಂಗ ಸಚಿವ, ಬೆಂಗಳೂರನ್ನ ಸಿಂಗಾಪುರ ಮಾಡ್ತೀನಿ ಅಂದವರು. ನಮ್ಗೆ ಸೋಮನಹಳ್ಳಿಯವರು, ಅಷ್ಟೇ. 1962ರಲ್ಲಿ ಅಮೆರಿಕದಲ್ಲಿ ಓದಿ ಬಂದ ಮೂವತ್ತು ವರ್ಷದ ಹುಡ್ಗ ಪಕ್ಷೇತರನಾಗಿ ನಿಂತು ಕಾಂಗ್ರೆಸ್ಸನ್ನ ಸೋಲ್ಸಿ ಮದ್ದೂರಿಂದ ಎಂಎಲ್ಎ ಆದ ಕಥೆನ ನಮ್ ತಾತನ ಕಾಲದವರು ನಿನ್ನೆ ಮೊನ್ನೆ ನಡೆದಂಗೆ ಹೇಳೋರು. ಅಲ್ಲಿಂದ ಹಿಡಿದು 2023ರ ಜನವರೀಲಿ ಇನ್ನು ರಾಜಕೀಯ ಸಾಕು ಅಂತ ಅವರೇ ಹೇಳೋವರೆಗೂ ಅರವತ್ತು ವರ್ಷ, ಅಂದ್ರೆ ನಮ್ಮನೇಲಿ ಮೂರು ತಲೆಮಾರು ಆ ಒಬ್ಬ ಮನುಷ್ಯನ ಬಗ್ಗೆ ಮಾತಾಡ್ಕೊಂಡು, ಜಗಳ ಆಡ್ಕೊಂಡು ಬಂದಿದೆ.

ಜಗಳ ಅಂತ ಸುಮ್ನೆ ಬರೀಲಿಲ್ಲ. ನಮ್ಮವ್ವ ಬಿಸಿಯೂಟದ ಅಡುಗೆಯವಳಾಗಿ ಸ್ಕೂಲಲ್ಲಿ ಕೆಲ್ಸ ಮಾಡಿದವಳು. ಅಕ್ಷರ ದಾಸೋಹ 2002ರಲ್ಲಿ ಮೊದ್ಲು ಕಲಬುರಗಿ, ರಾಯಚೂರು ಕಡೆ ಶುರುವಾಗಿ ಮಾರನೇ ವರ್ಷ ನಮ್ ಕಡೆಗೂ ಬಂತಲ್ಲ, ಆಗ ಸೇರಿದ್ದು. ಅದಕ್ಕೂ ಮುಂಚೆ ಸ್ತ್ರೀಶಕ್ತಿ ಸಂಘ, ವಾರ ವಾರ ದುಡ್ಡು ಕಟ್ಟೋದು, ಅವಳ ಹೆಸರಲ್ಲಿ ಮೊದಲನೇ ಪಾಸ್‌ಬುಕ್ಕು. ಈ ಎರಡೂ ಕೃಷ್ಣೋರ ಕಾಲದಲ್ಲೇ ಆಗಿದ್ದು, ಹಂಗಾಗಿ ಅವಳ ಪಾಲಿಗೆ ಆತ ಕೈಗೆ ಸೌಟು ಕೊಟ್ಟ ಪುಣ್ಯಾತ್ಮ. ಅಪ್ಪಂಗೆ ಅದೇ ಮನುಷ್ಯ ನೀರು ಬಿಟ್ಟ ಮುಖ್ಯಮಂತ್ರಿ. 2002ರ ಬರ ಈಗಿನ ಹುಡುಗ್ರಿಗೆ ಗೊತ್ತಿಲ್ಲ. ನಮ್ದು ವಿಸಿ ನಾಲೆಯ ಕೊನೇ ಭಾಗ, ಕೆಆರ್‌ಎಸ್ ತುಂಬಿದ ವರ್ಷಾನೇ ನೀರು ತಲುಪೋದು ಕಷ್ಟ, ಆ ವರ್ಷ ಡ್ಯಾಮಲ್ಲೇ ನೀರಿಲ್ಲ, ಕಬ್ಬು ಒಣಗಿ ಸೌದೆ ಆಗಿತ್ತು. ಅಂಥ ಹೊತ್ತಲ್ಲಿ ತಮಿಳುನಾಡಿಗೆ ನೀರು ಬಿಡಿ ಅಂತ ಸುಪ್ರೀಂ ಕೋರ್ಟು. ಕೃಷ್ಣೋರು ಮೊದ್ಲು ಬಿಡಲ್ಲ ಅಂದ್ರು, ಅಕ್ಟೋಬರ್‌ನಲ್ಲಿ ಬೆಂಗಳೂರಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಮಾಡಿದ್ರು, ಆಮೇಲೆ ನ್ಯಾಯಾಂಗ ನಿಂದನೆ ಅಂತ ಕೋರ್ಟು ಹಿಡ್ಕೊಂಡಾಗ ಕ್ಷಮೆ ಕೇಳಿ ನೀರು ಬಿಟ್ರು. ಅಪ್ಪ ಆಗ ರಸ್ತೆ ತಡೆ ಮಾಡಿ ಒಂದ್ ರಾತ್ರಿ ಕಲ್ಯಾಣ ಮಂಟಪದಲ್ಲಿ ಕೂಡಿಹಾಕಿಸ್ಕೊಂಡು ಬಂದವರು. ನಮ್ ಜಿಲ್ಲೆಯವನೇ ಸಿಎಂ ಆಗಿ ನಮ್ಗೇ ನೀರಿಲ್ಲ ಅನ್ನೋ ಮಾತು ಇಪ್ಪತ್ತೆರಡು ವರ್ಷದಿಂದ ನಮ್ಮನೇಲಿ ಎಷ್ಟ್ ಸಲ ಬಂದಿದೆಯೋ ಲೆಕ್ಕ ಇಲ್ಲ. 2004ರ ಎಲೆಕ್ಷನ್ನಿಗೆ ಅವರು ಮದ್ದೂರು ಬಿಟ್ಟು ಬೆಂಗಳೂರಿನ ಚಾಮರಾಜಪೇಟೆಗೆ ಹೋಗಿ ನಿಂತಾಗಂತೂ ಅಪ್ಪ "ಮುಖ ತೋರ್ಸಕ್ಕಾಗ್ದೆ ಓದ" ಅಂದಿದ್ರು.

ಇಷ್ಟು ಹಿಂದಿನ ಕಥೆ. ಈಗ ಆ ಮೂರು ದಿನ ಏನೇನಾಯ್ತು ಅಂತ ಹೇಳ್ತೀನಿ.

ನಾನು ಗ್ರಾಮ ಪಂಚಾಯ್ತೀಲಿ ಡಾಟಾ ಎಂಟ್ರಿ ಆಪರೇಟರ್. ಮಂಗಳವಾರ ಆಫೀಸಿಗೆ ಹೋಗೋಷ್ಟ್ರಲ್ಲಿ ತಾಲ್ಲೂಕಿನ ವಾಟ್ಸಾಪ್ ಗ್ರೂಪಿಗೆ ಆದೇಶ ಬಂದಿತ್ತು, 10ರಿಂದ 12ರವರೆಗೆ ಮೂರು ದಿನ ಶೋಕಾಚರಣೆ, 11ನೇ ತಾರೀಕು ಸರ್ಕಾರಿ ರಜೆ, ರಾಷ್ಟ್ರಧ್ವಜ ಅರ್ಧ ಮಟ್ಟದಲ್ಲಿ ಹಾರಿಸ್ಬೇಕು, ಮನರಂಜನೆ ಕಾರ್ಯಕ್ರಮ ಇರಂಗಿಲ್ಲ. ಪಂಚಾಯ್ತಿ ಆಫೀಸಲ್ಲಿ ದಿನಾ ಧ್ವಜ ಹಾರ್ಸೋದು, ನಮ್ ವಾಟರ್‌ಮನ್ ಅಣ್ಣ ಬೆಳಗ್ಗೆನೇ ಎಂದಿನಂತೆ ಹಾರ್ಸಿ ಹೋಗಿದ್ದ. ನಾನು ಫೋನ್ ಮಾಡಿದ್ದಕ್ಕೆ ಪೈಪ್ ಒಡೆದ ಕಡೆಯಿಂದ ಕೆಸರು ಕಾಲಲ್ಲೇ ಬಂದ, ಕಾಲು ತೊಳ್ಕೊಂಡೇ ಕಂಬ ಮುಟ್ಟಿದ್ದು. ನಾವಿಬ್ರೇ ನಿಂತು ಹಗ್ಗ ಬಿಚ್ಚಿ ನಿಧಾನಕ್ಕೆ ಇಳ್ಸಿದ್ವಿ. ಅರ್ಧ ಅಂದ್ರೆ ಎಲ್ಲಿಗೆ ಅಂತ ಅವನಿಗೆ ಅನುಮಾನ, ನಾನು ದೂರ ಹೋಗಿ ನಿಂತು ಕಂಬ ನೋಡ್ಕೊಂಡು ಇನ್ನೊಂಚೂರು ಇನ್ನೊಂಚೂರು ಅಂತ ಕೈ ತೋರ್ಸಿದೆ. ಆ ರಾಟೆ ಕಿರ್ ಕಿರ್ ಅನ್ನೋ ಸದ್ದು ದಿನಾ ಇರೋದೇ, ಅವತ್ತು ಮಾತ್ರ ಎದುರುಗಡೆ ಅರಳಿ ಕಟ್ಟೆ ಮೇಲೆ ಕೂತಿದ್ದ ಮುದುಕ್ರೆಲ್ಲ ಆ ಸದ್ದಿಗೆ ಎದ್ದು ನಿಂತ್ಕೊಂಡ್ರು. ಯಾರೂ ಹೇಳಿರ್ಲಿಲ್ಲ ಅವರಿಗೆ.

ಸಾಯಂಕಾಲ ಇಳ್ಸೋಕೆ ಹೋದಾಗ ವಾಟರ್‌ಮನ್ ಅಣ್ಣ ಅರ್ಧದಿಂದ ನೇರವಾಗಿ ಕೆಳಕ್ಕೆ ಎಳೀತಿದ್ದ, ಪಿಡಿಓ ಸಾರ್ ಕಿಟಕಿಯಿಂದ ನೋಡಿ ಹೊರಗೆ ಬಂದ್ರು. ಹಂಗಲ್ಲ, ಅರ್ಧದಲ್ಲಿರೋ ಧ್ವಜಾನ ಮೊದ್ಲು ಪೂರ್ತಿ ತುದಿಗೆ ಏರಿಸ್ಬೇಕು, ಆಮೇಲೆ ಇಳಿಸ್ಬೇಕು, ನಾಳೆ ಬೆಳಗ್ಗೆನೂ ಅಷ್ಟೇ, ತುದಿ ಮುಟ್ಟಿಸಿ ಆಮೇಲೆ ಅರ್ಧಕ್ಕೆ ತರ್ಬೇಕು, ಸೀದಾ ಅರ್ಧಕ್ಕೆ ಕಟ್ಟಂಗಿಲ್ಲ ಅಂದ್ರು. ಹದಿಮೂರು ವರ್ಷದಿಂದ ಆ ಆಫೀಸಲ್ಲಿದೀನಿ, ನಂಗಿದು ಗೊತ್ತಿರ್ಲಿಲ್ಲ. ವಾಟರ್‌ಮನ್ ಅಣ್ಣ ಕೇಳ್ದ, "ಅಂಗಾರೆ ಸತ್ತೋರ್ಗೂ ಒಂದ್ಸಲಿ ಮೇಲಕ್ ಓಗಿ ಬರ್ಬೇಕು ಅನ್ನಿ ಸಾ". ಸಾರ್ ಹೌದಪ್ಪ ಅಂದ್ರು. ಮಾರನೇ ದಿನ ರಜೆ ಇದ್ರೂ ಅವನು ಹೊತ್ತಿಗೆ ಸರಿಯಾಗಿ ಬಂದು ತುದಿಗೆ ಏರ್ಸಿ, ಅಲ್ಲಿ ಒಂದ್ ಘಳಿಗೆ ನಿಲ್ಸಿ, ಆಮೇಲೆ ಇಳ್ಸಿದ ಅಂತ ಅರಳಿ ಕಟ್ಟೆಯವರು ಹೇಳಿದ್ರು.

ಫ್ಲೆಕ್ಸಿನ ಕಥೆ ಹೇಳ್ದೇ ಇರಕ್ಕಾಗಲ್ಲ. ಮಂಗಳವಾರ ಹತ್ತು ಗಂಟೆಗೆಲ್ಲ ಊರಿನ ಹುಡುಗ್ರು ಚಂದಾ ಎತ್ತಿ ನನ್ನ ಹತ್ರ ಬಂದ್ರು, ಡಿಸೈನ್ ನೀನೇ ಮಾಡಿಕೊಡಣ್ಣ ಅಂತ. ಸರಿ ಅಂತ ಕೂತ್ರೆ ಶುರುವಾಯ್ತು, ಕೆಳಗೆ ಯಾರ್ಯಾರ ಫೋಟೋ, ಯಾವ ಪಕ್ಷದ ಗುರುತು. ಕಾಂಗ್ರೆಸ್ಸಿನವರು ಜೀವಮಾನ ಪೂರ್ತಿ ನಮ್ ಪಕ್ಷದಲ್ಲಿದ್ದು ಸಿಎಂ ಆದವರು ಅಂತಾರೆ, ಬಿಜೆಪಿ ಹುಡುಗ್ರು 2017ರಲ್ಲಿ ನಮ್ ಕಡೆ ಬಂದ್ರು, ಹೋಗೋವಾಗ ನಮ್ಮವರೇ ಅಂತಾರೆ, ದಳದವನೊಬ್ಬ ಒಕ್ಕಲು ಮಗ ಅಂತ ಹಾಕಿ ಸಾಕು ಅಂತಾನೆ. ನಾನು ಮೌಸ್ ಬಿಟ್ಟು ಎದ್ದು ನಿಂತೆ. ಸಾವಿನ ಮನೇಲಿ ಪಾಲು ಕೇಳ್ಬೇಡ್ರಪ್ಪ, ಅವರ ಫೋಟೋ ಒಂದೇ ಇರ್ಲಿ, ಕೆಳಗೆ ಊರಿನ ಗ್ರಾಮಸ್ಥರು ಅಂತ ಮಾತ್ರ ಇರ್ಲಿ, ಆಗಲ್ಲ ಅಂದ್ರೆ ಬೇರೆ ಯಾರ ಹತ್ರನಾದ್ರೂ ಮಾಡಿಸ್ಕೊಳಿ ಅಂದೆ. ಸ್ವಲ್ಪ ಹೊತ್ತು ಗುಜುಗುಜು ಆಯ್ತು, ಆಮೇಲೆ ಒಪ್ಪಿದ್ರು. ಈ ಮೂರು ದಿನದಲ್ಲಿ ನಾನು ಮಾಡಿದ ಒಳ್ಳೆ ಕೆಲ್ಸ ಅಂದ್ರೆ ಇದೊಂದು ಅಂತ ಈಗಲೂ ಅನ್ಸುತ್ತೆ, ಯಾಕಂದ್ರೆ ಪಕ್ಕದ ಊರುಗಳ ಫ್ಲೆಕ್ಸಲ್ಲಿ ಸತ್ತವರ ಮುಖಕ್ಕಿಂತ ಕಣ್ಣೀರು ಹಾಕೋರ ಮುಖಗಳೇ ಜಾಸ್ತಿ ಇದ್ವು, ನೋಡಿ ಹೊಟ್ಟೆ ಉರೀತು. ಪ್ರಿಂಟ್ ಆಗಿ ಬಂದಾಗ ಹುಟ್ಟಿದ ವರ್ಷ 1932 ಅನ್ನೋದು 1935 ಆಗ್ಬಿಟ್ಟಿತ್ತು, ಅಂಗಡಿಯವರು ಮತ್ತೆ ಹೊಡೆಯೋಕೆ ಟೈಮಿಲ್ಲ ಅಂದ್ರು, ಅಲ್ಲೇ ನಿಂತು ಬಿಳಿ ಸ್ಟಿಕ್ಕರ್ ಮೇಲೆ 2 ಬರ್ದು ಅಂಟಿಸ್ಕೊಂಡು ಬಂದ್ವಿ.

ರಾತ್ರಿ ಊಟಕ್ಕೆ ಕೂತಾಗ ಅವ್ವ ನಾಳೆ ಸೋಮನಹಳ್ಳಿಗೆ ಹೋಗ್ಬೇಕು ಅಂದ್ಲು, ಮಣ್ಣಿಗೆ ಹೋಗ್ದೆ ಇರಬಾರ್ದು ಅಂತ. ಸುಡೋದಾದ್ರೂ ನಮ್ ಕಡೆ ಮಣ್ಣಿಗೆ ಹೋಗೋದು ಅಂತಾನೇ ಅನ್ನೋದು. ಅವಳಿಗೆ ಮಂಡಿ ನೋವು, ಜನ ಜಾಸ್ತಿ ಇರ್ತಾರೆ, ನಿಂತ್ಕೊಳಕ್ಕಾಗಲ್ಲ, ಟಿವೀಲೇ ನೋಡು ಅಂತ ನಾನು ಎಷ್ಟ್ ಹೇಳಿದ್ರೂ ಕೇಳ್ಲಿಲ್ಲ. "ಟಿವೀಲ್ ನೋಡಿದ್ರೆ ಓಗಿದ್ದಂಗಾಯ್ತದಾ" ಅಂದ್ಲು. ಅಪ್ಪನ್ನ ನೋಡಿದೆ. ಭತ್ತದ ಕೊಯ್ಲಿನ ದಿನ, ನಾಳೆ ಆಳುಗಳನ್ನ ಬೇರೆ ಕರೆದಾಗಿತ್ತು. ಅಪ್ಪ ತಟ್ಟೆಯಿಂದ ತಲೆ ಎತ್ತದೇನೇ "ಆಳುಗೋಳ್ಗೆ ನಾಳೆ ಬ್ಯಾಡ ಅಂದೀವ್ನಿ" ಅಂದ್ರು. ಅಷ್ಟೇ. ನಾನೂ ಕೇಳಕ್ಕೋಗ್ಲಿಲ್ಲ.

ಬುಧವಾರ ಬೆಳಗ್ಗೆ ಅವ್ವ ಐದು ಗಂಟೆಗೇ ಎದ್ದು ಹಿತ್ತಲ ಸೇವಂತಿಗೆ ಎಲ್ಲ ಕಿತ್ತು ಬಾಳೆ ನಾರಲ್ಲಿ ಹಾರ ಕಟ್ಟಿದ್ಲು. ಇಬ್ಬನಿ ಹೂವು, ಕಟ್ಟಿ ಮುಗ್ಸೋಷ್ಟ್ರಲ್ಲಿ ಅವಳ ಬೆರಳೆಲ್ಲ ತಣ್ಣಗೆ ಕೊರಡಾಗಿತ್ತು. ಒದ್ದೆ ಬಟ್ಟೇಲಿ ಸುತ್ತಿ ಪ್ಲಾಸ್ಟಿಕ್ ಕವರಿಗೆ ಹಾಕೊಂಡು ಆಟೋ ಹತ್ತಿದ್ವಿ. ಅಪ್ಪ ಬಿಳಿ ಪಂಚೆ ಬಿಳಿ ಶರ್ಟು ಹಾಕೊಂಡಿದ್ರು, ಮದುವೆಗೆ ಹಾಕೋ ಬಟ್ಟೆ. ಹಳೇ ಬೆಂಗಳೂರು–ಮೈಸೂರು ರಸ್ತೆ ಸೇರ್ತಿದ್ದಂಗೆ ಪೊಲೀಸ್ ಬ್ಯಾರಿಕೇಡು, ಆಟೋ ಅಲ್ಲೇ ನಿಲ್ಸಿ ಇಳ್ದು ನಡೀಬೇಕಾಯ್ತು. ಎರಡು ಕಡೆ ಜನ ನಡೀತಾನೇ ಇದ್ರು, ಹೆಂಗಸ್ರು ಮಕ್ಳನ್ನ ಎತ್ಕೊಂಡು, ವಯಸ್ಸಾದವರು ಕೋಲು ಊರ್ಕೊಂಡು, ಕಬ್ಬು ಕಡಿಯೋ ಬಟ್ಟೇಲೇ ಬಂದಿದ್ದ ಆಳುಗಳೂ ಇದ್ರು. ಘೋಷಣೆ ಗಲಾಟೆ ಏನಿಲ್ಲ. ಜಾತ್ರೆಗೆ ಹೋಗೋರು ಮಾತಾಡ್ತಾ ನಡೀತಾರೆ, ಇಲ್ಲಿ ಕಾಲಿನ ಸದ್ದು ಮಾತ್ರ ಕೇಳೋದು.

ಆ ದಾರೀಲಿ ಅಪ್ಪ ಒಂದ್ ಕಡೆ ನಿಂತ್ರು. ರಸ್ತೆ ಪಕ್ಕ ಹುಣಸೆ ಮರ ಇತ್ತು ಅಂತ ಹೇಳಿದ್ರು, ಈಗಿಲ್ಲ, ಬುಡ ಕೂಡ ಕಾಣಲ್ಲ, ಅಲ್ಲೊಂದು ಪಂಚರ್ ಅಂಗಡಿ. "ಇಲ್ಲೇ ಕನ್ಲಾ, ಪಾದಯಾತ್ರೇಲಿ ಬಂದ್ರಲ್ಲ, ಇಲ್ಲೇ ನಾನ್ ನಿಂತಿದ್ದು" ಅಂದ್ರು. ನಂಗೆ ಆ ಕಥೆ ಅರ್ಧ ಗೊತ್ತಿತ್ತು, ಪಾದಯಾತ್ರೆ ನೋಡೋಕೆ ಹೋಗಿದ್ರು ಅಂತ ಮಾತ್ರ. ಉಳಿದಿದ್ದನ್ನ ಅವತ್ತೇ ಕೇಳಿದ್ದು. ಎಲ್ಲರೂ ಎಳನೀರು ಕೊಡ್ತಿದ್ರಂತೆ, ಕೈ ಮುಗೀತಿದ್ರಂತೆ, ಕೃಷ್ಣೋರು ನಡ್ಕೊಂಡು ಬರ್ತಾ ಬರ್ತಾ ರಸ್ತೆ ಬದಿ ನಿಂತವರಿಗೆಲ್ಲ ಕೈ ಮುಗಿದು ಮುಂದಕ್ಕೆ ಹೋಗ್ತಿದ್ರಂತೆ, ಅಪ್ಪ ಮಾತ್ರ ಎರಡು ಕೈಯನ್ನೂ ಕಂಕುಳಲ್ಲಿ ಸಿಗಿಸ್ಕೊಂಡು ನಿಂತಿದ್ರಂತೆ. "ನನ್ ಮುಂದ್ಕೆ ಬಂದಾಗ ನನ್ಗೂ ಮುಗುದ್ರು. ನಾನ್ ಕೈ ಎತ್ಲಿಲ್ಲ. ಕಬ್ ಒಣ್ಗೋಗಿತ್ತು, ಒಟ್ಟೆ ಉರೀತಿತ್ತು, ಎಂಗ್ ಎತ್ಲಿ" ಅಂದ್ರು. ಅವ್ವ ಅದನ್ನ ಮೊದಲನೇ ಸಲ ಕೇಳಿದ್ದು ಅನ್ಸುತ್ತೆ, ಅಪ್ಪನ ಮುಖಾನೇ ನೋಡ್ತಿದ್ಲು. ಮೂವರೂ ಮತ್ತೆ ನಡೆಯೋಕೆ ಶುರು ಮಾಡಿದ್ವಿ.

ಸೋಮನಹಳ್ಳಿ ಹತ್ರ ಹೋದ್ಮೇಲೆ ಕಾಯೋದೇ ಕೆಲ್ಸ. ಬೆಂಗಳೂರಿಂದ ಹೊರಟ ಗಾಡಿ ಬಿಡದಿ, ರಾಮನಗರ, ಚನ್ನಪಟ್ಟಣ ಅಂತ ಊರೂರಲ್ಲಿ ಜನ ಅಡ್ಡ ಸಿಗ್ತಾ ಬರ್ತಿದೆ ಅಂತ ಪಕ್ಕದ ಹುಡುಗನ ಫೋನಲ್ಲಿ ಲೈವ್ ನೋಡ್ತಿದ್ವಿ. ಇಂಥ ಕಡೆ ಕಾಯೋದರಲ್ಲಿ ಒಂದು ವಿಶೇಷ ಇದೆ, ಎಲ್ಲರೂ ತಮ್ ತಮ್ಮ ಕೃಷ್ಣನ್ನ ಹೊರಗೆ ತೆಗೀತಾರೆ. ನಮ್ ಮುಂದೆ ಇದ್ದ ರಿಟೈರ್ಡ್ ಮೇಷ್ಟ್ರು 1999ರ ಪಾಂಚಜನ್ಯ ಯಾತ್ರೆ ಬಸ್ಸು ನೋಡಿದ್ದು, ಆ ಸಲ ಕಾಂಗ್ರೆಸ್ಸಿಗೆ 132 ಸೀಟು ಬಂದಿದ್ದು ಹೇಳಿದ್ರು. ಒಬ್ಬ ಹೆಂಗಸು ಯಶಸ್ವಿನಿ ಕಾರ್ಡಲ್ಲಿ ಗಂಡನ ಆಪರೇಷನ್ ಆಗಿದ್ದು ಹೇಳ್ಕೊಂಡು ಅತ್ರು, ಆ ಗಂಡ ಪಕ್ಕದಲ್ಲೇ ನಿಂತಿದ್ದ. ರಾಜ್‌ಕುಮಾರ್‌ನ ವೀರಪ್ಪನ್ ಹೊತ್ತೊಯ್ದಿದ್ದ 108 ದಿನ ಕೃಷ್ಣೋರಿಗೆ ಹೆಂಗೆ ನಿದ್ದೆ ಬಂದಿರುತ್ತೆ ಅಂತ ಇನ್ನೊಬ್ಬರು. ಅಳಿಯ ಸಿದ್ಧಾರ್ಥ ಹೋದಾಗ್ಲೇ ಆ ಜೀವ ಅರ್ಧ ಹೋಗಿತ್ತು ಅಂತ ಒಬ್ಬ ಅಜ್ಜಿ ಅಂದಾಗ ಎಲ್ಲರೂ ಹೌದು ಹೌದು ಅಂದ್ರು. ಮಗಳ ಗಂಡನ್ನ ಕಳ್ಕೊಂಡ ದುಃಖ ಯಾವ ಮನೆಗೆ ಬಂದ್ರೂ ಒಂದೇ ತಾನೆ.

ಅಪ್ಪ ತನ್ನ ಕೃಷ್ಣನ್ನ ಹೊರಗೆ ತೆಗೀತಾರೆ ಅಂತ ನಾನು ಅಂದ್ಕೊಂಡಿರ್ಲಿಲ್ಲ. ಮೇಷ್ಟ್ರು ಭೂಮಿ ಯೋಜನೆ ವಿಚಾರ ಎತ್ತಿದ್ರು, ಪಹಣಿ ಕಂಪ್ಯೂಟರಿಗೆ ಹೋಗಿದ್ದು ಅವರ ಕಾಲದಲ್ಲೇ ಅಲ್ವಾ ಅಂತ. ಅದಕ್ಕೆ ಅಪ್ಪ, ಕೈಬರಹದ ಪಹಣಿಗೆ ತಾನು ಎಷ್ಟು ಸಲ ಅಲೆದಿದ್ದು, ಒಂದ್ ಸಲ ಹತ್ತು ಗುಂಟೆ ಬೇರೆಯವರ ಹೆಸರಿಗೆ ಹೋಗಿ ಮತ್ತೆ ಬರೆಸೋಕೆ ಎರಡು ವರ್ಷ ಆಗಿದ್ದು, ಆಮೇಲೆ ಹದಿನೈದು ರೂಪಾಯಿ ಕೊಟ್ರೆ ತಾಲ್ಲೂಕು ಆಫೀಸಿನ ಕಿಟಕೀಲಿ ಪ್ರಿಂಟು ಕೈಗೆ ಬಂದಿದ್ದು, ಎಲ್ಲಾನೂ ಹೇಳಿದ್ರು. ಆ ಮೊದಲನೇ ಪ್ರಿಂಟನ್ನ ಲ್ಯಾಮಿನೇಷನ್ ಮಾಡ್ಸಿ ದೇವರ ಮನೆ ಗೋಡೆಗೆ ಹಾಕಿದಾರೆ, ಎರಡು ಎಕ್ರೆ ಹತ್ತು ಗುಂಟೆ, ನಾನು ಹುಡುಗನಿಂದ ನೋಡ್ಕೊಂಡು ಬಂದಿದೀನಿ, ಆದ್ರೆ ಅದಕ್ಕೂ ಕೃಷ್ಣೋರಿಗೂ ಇರೋ ಸಂಬಂಧಾನ ಅಪ್ಪ ಒಂದು ದಿನಾನೂ ಮನೇಲಿ ಬಾಯಿ ಬಿಟ್ಟು ಹೇಳಿರ್ಲಿಲ್ಲ. ಹೇಳಿ ಮುಗ್ಸಿ "ನೀರ್ ವಿಚಾರ ಬ್ಯಾರೆ" ಅಂದ್ರು. ಮೇಷ್ಟ್ರು ತಲೆ ಆಡ್ಸಿದ್ರು.

ಮಧ್ಯಾಹ್ನದ ಬಿಸ್ಲಲ್ಲಿ ಗಾಡಿ ಬಂತು. ನೂಕುನುಗ್ಗಲು ಆಯ್ತು, ಆಗ್ಲಿಲ್ಲ ಅಂತ ಹೇಳಲ್ಲ, ಆದ್ರೆ ಸಾಲು ಮತ್ತೆ ಸರಿಹೋಯ್ತು. ದರ್ಶನಕ್ಕೆ ಬಿಟ್ಟಾಗ ಒಬ್ಬೊಬ್ಬರಿಗೆ ಸಿಗೋದು ಎರಡು ಸೆಕೆಂಡು, ನಿಲ್ಬೇಡಿ ಮುಂದೆ ನಡೀರಿ ಅಂತ ಪೊಲೀಸ್ರು. ಆ ಎರಡು ಸೆಕೆಂಡಲ್ಲೂ ಫೋನ್ ಎತ್ತಿ ವಿಡಿಯೋ ಮಾಡೋರನ್ನ ಕಂಡ್ರೆ ನಂಗೆ ಸಂಕಟ ಆಯ್ತು, ಒಬ್ಬ ಹುಡುಗ ಬೆನ್ನು ತಿರುಗ್ಸಿ ಸೆಲ್ಫಿಗೆ ನಿಂತಾಗ ಹಿಂದಿದ್ದ ಅಜ್ಜ ಅವನ ಕೈ ಹಿಡಿದು ಕೆಳಗಿಳ್ಸಿದ್ರು. ಅವ್ವಂದು ಹಾರದ ಚಿಂತೆ. ಹತ್ರ ಹೋದಾಗ ಹಾರ ಹಾಕಂಗಿಲ್ಲ, ಇಲ್ಲಿ ಕೊಡಿ ಅಂತ ಹೋಮ್‌ಗಾರ್ಡ್ ಹುಡ್ಗಿಯೊಬ್ಬಳು ಕೈ ಚಾಚಿದ್ಲು. ಅವ್ವ ಕವರಿಂದ ತೆಗ್ದು ಒದ್ದೆ ಬಟ್ಟೆ ಬಿಚ್ಚಿ ಕೊಟ್ಲು, ಇಬ್ಬನಿ ಆರದ ಹೂವು ಇನ್ನೂ ಹಂಗೇ ಇತ್ತು. ಆ ಹುಡ್ಗಿ ಅದನ್ನ ಒಂದು ಸಲ ನೋಡಿ, ಪಕ್ಕದ ಬುಟ್ಟಿಗೆ ಹಾಕದೇನೇ ಎರಡು ಹೆಜ್ಜೆ ಮುಂದೆ ಹೋಗಿ ಪಾದದ ಕಡೆ ಇಟ್ಟು ಬಂದ್ಲು. ಯಾಕೆ ಇಟ್ಲೋ ಗೊತ್ತಿಲ್ಲ. ಅವಳ ಹೊಟ್ಟೆ ತಣ್ಣಗಿರ್ಲಿ ಅಂತ ಅವ್ವ ಇವತ್ತಿಗೂ ಹೇಳ್ತಾಳೆ.

ನಾನು ಅವ್ವನ ತೋಳು ಹಿಡ್ಕೊಂಡಿದ್ದೆ, ಆದ್ರೂ ಅಪ್ಪನ್ನೇ ನೋಡ್ತಿದ್ದೆ. ತ್ರಿವರ್ಣ ಧ್ವಜ ಹೊದ್ದು ಮಲಗಿದ್ದ ಆ ಮುಖದ ಮುಂದೆ ಅಪ್ಪ ಬಂದಾಗ ಹೆಗಲ ಮೇಲಿನ ಟವೆಲ್ ತೆಗ್ದು ಕಂಕುಳಿಗೆ ಇಟ್ಕೊಂಡ್ರು, ಎರಡು ಕೈ ಎತ್ತಿ ಮುಗುದ್ರು. ಪೊಲೀಸ್ರು ನಡೀರಿ ಯಜಮಾನ್ರೆ ಅಂದ್ರು, ಅಪ್ಪ ನಡೀಲಿಲ್ಲ, ಇನ್ನೊಂದು ಸೆಕೆಂಡು ನಿಂತ್ರು, ಅವರೂ ಬಿಟ್ರು. ಹೊರಗೆ ಬಂದು ನೀರು ಕೇಳಿ ಕುಡಿದ್ರು, ಮುಖ ತೊಳ್ಕೊಂಡ್ರು, ಟವೆಲಲ್ಲಿ ತುಂಬಾ ಹೊತ್ತು ಮುಖ ಒರೆಸ್ಕೊಂಡ್ರು.

ಅಂತ್ಯಕ್ರಿಯೆ ಆಗೋ ಜಾಗಕ್ಕೆ ನಮ್ಮನ್ನ ಹತ್ರ ಬಿಡ್ಲಿಲ್ಲ, ದೂರದಿಂದ್ಲೇ. ಸಾಯಂಕಾಲ ಮುಖ್ಯಮಂತ್ರಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್, ಎಲ್ಲಾ ಪಕ್ಷದವರೂ ಇದ್ರು. ಪೊಲೀಸ್ ಬ್ಯಾಂಡಿನವರು ನುಡಿಸಿದ್ರು, ಗಾಳಿಯಲ್ಲಿ ಗುಂಡು ಹಾರಿಸಿದ್ರು, ಮೊದಲನೇ ಸದ್ದಿಗೆ ಸುತ್ತ ತೆಂಗಿನ ಮರದ ಹಕ್ಕಿಗಳೆಲ್ಲ ಒಟ್ಟಿಗೆ ಎದ್ವು, ಮೂರನೇ ಸದ್ದಾದ್ಮೇಲೂ ಅವು ಕೂರ್ಲಿಲ್ಲ. ಹೊದಿಸಿದ್ದ ಧ್ವಜ ಮಡಚಿ ಮನೆಯವರ ಕೈಗೆ ಕೊಟ್ರು. ಮೊಮ್ಮಗ ಅಮರ್ತ್ಯ ಹೆಗ್ಡೆ ಅಗ್ನಿಸ್ಪರ್ಶ ಮಾಡಿದ್ರು. ಹೊಗೆ ಎದ್ದಾಗ ಜನ ಒಬ್ಬೊಬ್ಬರೇ ಅಲ್ಲಿಂದ್ಲೇ ಕೈ ಮುಗಿದು ವಾಪಸ್ ತಿರುಗಿದ್ರು. ಮನೆಗೆ ಬಂದು ಬಾಗ್ಲಲ್ಲೇ ನೀರು ಹಾಕೊಂಡು ಒಳಗೆ ಹೋದ್ವಿ, ಅವ್ವ ಮೂವರಿಗೂ ತಲೆಗೆ ಸ್ನಾನ ಮಾಡ್ಸಿದ್ಲು, ಸ್ವಂತದವರು ಹೋದಾಗ ಮಾಡೋ ಹಂಗೆ.

12ನೇ ತಾರೀಕು ಗುರುವಾರ ಪಂಚಾಯ್ತೀಲಿ ಸಂತಾಪ ಸಭೆ. ನಡಾವಳಿ ಪುಸ್ತಕದಲ್ಲಿ ನಿರ್ಣಯ ಬರೆಯೋದು ನನ್ನ ಪಾಲಿಗೆ ಬಂತು, ಬರಹ ಚೆನ್ನಾಗಿದೆ ಅಂತ. ಇದಕ್ಕೆ ಒಂದು ಸಿದ್ಧ ಮಾತು ಇರುತ್ತೆ, ನಾಡಿಗೆ ತುಂಬಲಾರದ ನಷ್ಟ, ಆತ್ಮಕ್ಕೆ ಶಾಂತಿ, ಕುಟುಂಬಕ್ಕೆ ದುಃಖ ಭರಿಸುವ ಶಕ್ತಿ. ಹಿಂದಿನ ಹಾಳೆಗಳಲ್ಲಿ ಬೇರೆ ಬೇರೆ ಹೆಸರಿಗೆ ಅದೇ ಮಾತು ನಾನೇ ಬರ್ದಿದೀನಿ. ಅವತ್ತು ಕೈ ಓಡ್ಲಿಲ್ಲ. 1962ರ ಪಕ್ಷೇತರ ಗೆಲುವು, 1968ರಲ್ಲಿ ಉಪಚುನಾವಣೆ ಗೆದ್ದು ಮಂಡ್ಯದಿಂದ ಲೋಕಸಭೆಗೆ ಹೋಗಿದ್ದು, ವಿಧಾನಸಭೆ ಸ್ಪೀಕರ್, 1999ರಿಂದ 2004ರವರೆಗೆ ಮುಖ್ಯಮಂತ್ರಿ, ಮಹಾರಾಷ್ಟ್ರದ ರಾಜ್ಯಪಾಲ, 2009ರಿಂದ 2012ರವರೆಗೆ ವಿದೇಶಾಂಗ ಸಚಿವ, 2023ರಲ್ಲಿ ಪದ್ಮವಿಭೂಷಣ, ಇಷ್ಟೂ ಬರ್ದೆ. ಬಿಸಿಯೂಟ, ಸ್ತ್ರೀಶಕ್ತಿ, ಯಶಸ್ವಿನಿ, ಪಹಣಿ ಬರ್ದೆ. ಅಲ್ಲಿಗೆ ಮುಗೀಬೇಕಿತ್ತು. ಹಿಂದಿನ ರಾತ್ರಿ ಮಲಗೋ ಮುಂಚೆ ಅಪ್ಪ ಕೇಳಿದ್ದು ತಲೇಲಿತ್ತು, "ನೀರಿನ್ ವಿಚಾರ ಬರೀತೀಯಾ?" ಅಂತ. ಕೋಪದಲ್ಲಿ ಕೇಳಿದ್ದಲ್ಲ ಅದು. ಕೈ ಮುಗಿದು ಬಂದ್ಮೇಲೆ ಕೇಳಿದ್ದು.

ಬರ್ದೆ. 2002ರ ಬರಗಾಲದಲ್ಲಿ ಕಾವೇರಿ ನೀರಿಗಾಗಿ ಅವರು ನಡೆಸಿದ ಪಾದಯಾತ್ರೆಯನ್ನೂ, ನಂತರ ನ್ಯಾಯಾಲಯದ ಆದೇಶದಂತೆ ನೀರು ಬಿಟ್ಟಾಗ ಈ ಭಾಗದ ರೈತರು ಪಟ್ಟ ನೋವನ್ನೂ ಸಭೆ ಸ್ಮರಿಸುತ್ತದೆ ಅಂತ ಒಂದೇ ವಾಕ್ಯ. ಓದಿದಾಗ ಒಂದಿಬ್ಬರು ಸದಸ್ಯರು ಮುಖ ಮುಖ ನೋಡ್ಕೊಂಡ್ರು, ಸಂತಾಪದಲ್ಲಿ ಇದ್ಯಾಕೆ, ಸತ್ತವರ ಬಗ್ಗೆ ಒಳ್ಳೇದು ಮಾತ್ರ ಬರೀಬೇಕು, ತೆಗೀರಿ ಅಂದ್ರು. ನಾನು ನೌಕರ, ತೆಗೀರಿ ಅಂದ್ರೆ ತೆಗೀಬೇಕು, ಪೆನ್ನು ಹಿಡ್ಕೊಂಡು ಕೂತಿದ್ದೆ. ಆಗ ಮೂಲೇಲಿ ಕೂತಿದ್ದ ಹಿರಿಯ ಸದಸ್ಯೆಯೊಬ್ರು, ಯಾವಾಗ್ಲೂ ಮಾತಾಡದವರು, ಹೇಳಿದ್ರು: "ಇರ್ಲಿ ಬುಡಿ. ನಮ್ಮನೇಲಿ ಯಾರಾರ ತೀರೋದ್ರೆ ಅವ್ರ್ ಜೊತೇಲಿ ಆಡಿದ್ ಜಗಳಾನೂ ಏಳ್ಕೊಂಡ್ ಅಳಲ್ವಾ? ಜಗಳ ಬುಟ್ಟು ಅತ್ರೆ ಅದು ಯಾರೋ ಕೂಲಿಯೋರ್ ಅತ್ತಂಗೆ." ಯಾರೂ ಎದುರು ಮಾತಾಡ್ಲಿಲ್ಲ. ವಾಕ್ಯ ಉಳೀತು. ಎಲ್ಲರೂ ಎದ್ದು ಒಂದ್ ನಿಮಿಷ ಮೌನ ನಿಂತ್ವಿ, ಹೊರಗಡೆ ಅರಳಿ ಕಟ್ಟೆಯವರೂ ನಿಂತಿದ್ರು, ಆಮೇಲೆ ಒಬ್ಬೊಬ್ಬರೇ ಸಹಿ ಹಾಕಿ ಹೋದ್ರು.

13ನೇ ತಾರೀಕು ಶುಕ್ರವಾರ ಬೆಳಗ್ಗೆ ಧ್ವಜ ಪೂರ್ತಿ ಮೇಲೆ ಹೋಯ್ತು. ಹುಡುಗ್ರು ಫ್ಲೆಕ್ಸ್ ಇಳ್ಸೋಕೆ ಬಂದ್ರು, ಆ ಹೊತ್ತಿಗೆ ಅಪ್ಪ ಡೈರಿಗೆ ಹಾಲು ಹಾಕಿ ಅದೇ ದಾರೀಲಿ ಬರ್ತಿದ್ರು. ಫ್ಲೆಕ್ಸ್ ಇಳ್ದ ಮೇಲೆ ನಮ್ ಕಡೆ ಅದು ಯಾರಾದ್ರೂ ಒಬ್ರ ಹುಲ್ಲಿನ ಮೆದೆಗೋ ಕೊಟ್ಟಿಗೆ ಸೂರಿಗೋ ಹೋಗೋದು, ವಾಟರ್‌ಮನ್ ಅಣ್ಣ ನಂಗಿರ್ಲಿ, ಕೊಟ್ಟಿಗೆ ಸೋರ್ತದೆ ಅಂದ, ಹುಡುಗ್ರು ಸುತ್ತಿ ಅವನ ಕೈಗೆ ಕೊಟ್ರು. ಅಪ್ಪ ಹಾಲಿನ ಕ್ಯಾನು ಕೆಳಗಿಟ್ಟು ಅದನ್ನ ಬಿಚ್ಚಿಸಿದ್ರು. ಹುಟ್ಟಿದ ವರ್ಷದ ಮೇಲೆ ನಾವು ಅಂಟ್ಸಿದ್ದ ಸ್ಟಿಕ್ಕರು ಒಂದ್ ತುದಿ ಎದ್ದಿತ್ತು, ಹೆಬ್ಬೆರಳಲ್ಲಿ ಒತ್ತಿ ಕೂರಿಸಿದ್ರು.

"ಮೊಕ ಒಳೀಕ್ ಮಾಡಿ ಒದುಸ್ಲಾ" ಅಂದ್ರು, "ಬಿಸ್ಲು ಮಳೆ ಬೀಳ್ಬಾರ್ದು."